ಮೊದಲ ಲೋಡು ಇಳಿಸಿದ ಮೇಲೆ

ಫೆಬ್ರವರಿ 9, ಭಾನುವಾರ

ಭಾನುವಾರವೂ ಬಿಡುವಿಲ್ಲ. ಹುಚ್ಚಣ್ಣ ಬೆಳಿಗ್ಗೆ ಏಳಕ್ಕೇ ಲಾರಿ ತಂದು ನನ್ನ ಪಟ್ಟಿ ಕೆಲಸದ ಅಂಗಡಿ ಮುಂದೆ ನಿಲ್ಲಿಸಿ ಬೀದಿಯೆಲ್ಲ ಏಳುವ ಹಾಗೆ ಹಾರನ್ ಹೊಡೆದ. ಲಾರಿ ಬಸವಕುಮಾರ್ ಸಾಹುಕಾರರದು. ಆದರೆ ಹತ್ತೊಂಬತ್ತು ವರ್ಷದಿಂದ ಓಡಿಸುತ್ತಿರುವವನು ಇವನೇ ಆದ್ದರಿಂದ ತುರುವೇಕೆರೆಯಲ್ಲಿ ಎಲ್ಲರೂ ಅದನ್ನು ಹುಚ್ಚಣ್ಣನ ಲಾರಿ ಎನ್ನುತ್ತಾರೆ. ಎಳನೀರು ಲೋಡು ಹೊಡೆದೂ ಹೊಡೆದೂ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕಮಾನು ಕಳೆದುಕೊಂಡು ಚಪ್ಪಟೆಯಾಗಿವೆ. ಎರಡೂ ಕಡೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕು ಅಂದ.

"ಹತ್ತು ಪಟ್ಟಿ ಸಾಕು ಕಣ್ಲಾ. ಹನ್ನೊಂದು ಹಾಕಿದ್ರೆ ಖಾಲಿ ಗಾಡೀಲಿ ನಿನ್ ಸೊಂಟ ಉಳಿಯಲ್ಲ" ಅಂದೆ.

"ಸೊಂಟ ನಂದು, ಅಳೋನು ನೀನು. ಹಾಕ್ಲಾ ಸುಮ್ನೆ!"

ಹಾಕಿದೆ. ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಮೊದಲ ಲೋಡು ಇಳಿಸಿದ ಮೇಲೆ ಬಂದು ಬೋಲ್ಟು ಬಿಗಿ ಮಾಡಿಸಿಕೊಂಡು ಹೋಗು ಎಂದು ಹೇಳಿ ಕಳಿಸಿದೆ. ಎಲ್ಲರಿಗೂ ಹೇಳುವ ಮಾತೇ ಇದು. ಹೊಸ ಪಟ್ಟಿ ಸೇರಿಸಿದಾಗ ಎಷ್ಟೇ ಬಿಗಿ ಮಾಡಿದರೂ ಮೊದಲ ಭಾರ ಬಿದ್ದಾಗ ಪಟ್ಟಿಗಳು ಒಂದರ ಮೇಲೊಂದು ಕೂತುಕೊಳ್ಳುತ್ತವೆ, ಬೋಲ್ಟು ಸಡಿಲವಾಗುತ್ತದೆ.

ಯಾವ ಗಾಡಿಗೆ ಯಾವತ್ತು ಏನು ಹಾಕಿದೆ ಎನ್ನುವುದು ಮರೆತುಹೋಗುತ್ತದೆಂದು ಈ ಡೈರಿಯಲ್ಲಿ ಬರೆದಿಡುತ್ತೇನೆ. ಜೊತೆಗೆ ಮನಸ್ಸಿಗೆ ಬಂದದ್ದನ್ನೂ ಬರೆಯುತ್ತೇನೆ. ಓದುವವರು ಯಾರೂ ಇಲ್ಲ. ರಾಮಲಕ್ಷ್ಮಮ್ಮನಿಗಂತೂ ಗಂಡನ ಅಕ್ಷರ ಕಂಡರೇ ಆಗುವುದಿಲ್ಲ, ಕೋಳಿ ಕೆದಕಿದ ಹಾಗಿದೆ ಅನ್ನುತ್ತಾಳೆ.

ಫೆಬ್ರವರಿ 12, ಬುಧವಾರ

ನಿನ್ನೆ ಸಂಜೆ ನಾಲ್ಕಕ್ಕೆ ಹುಚ್ಚಣ್ಣನ ಲಾರಿ ದಬ್ಬೇಘಟ್ಟದ ಕಡೆ ಕೆರೆ ಏರಿಯ ತಿರುವಿನಲ್ಲಿ ಎಡಕ್ಕೆ ಉರುಳಿತು. ಪಕ್ಕದಲ್ಲಿ ಕೂತಿದ್ದ ಗಂಗಾಧರ್ ಅಲ್ಲೇ ಹೋಗಿಬಿಟ್ಟ. ಹುಚ್ಚಣ್ಣನ ಹೆಂಡತಿ ಸಿದ್ದಮ್ಮನ ಒಬ್ಬನೇ ತಮ್ಮ. ಮೂವತ್ತೆರಡು ವರ್ಷ. ಲೋಡು ಇಳಿಸುವ ಕೆಲಸಕ್ಕೆ ಭಾವನ ಜೊತೆ ಹೋಗುತ್ತಿದ್ದ. ಹುಚ್ಚಣ್ಣನಿಗೆ ಸೊಂಟ, ಬಲಗಾಲು ಎರಡೂ ಮುರಿದಿವೆ. ತುಮಕೂರಿಗೆ ಸಾಗಿಸಿದ್ದಾರೆ.

ನಾನು ಹೋಗಿ ನೋಡಿದೆ. ಎಳನೀರು ಕಾಯೆಲ್ಲ ಕೆರೆಯಲ್ಲಿ ತೇಲುತ್ತಿದ್ದವು. ಸಿದ್ದಮ್ಮ ಏರಿಯ ಮೇಲೆ ಕೂತು ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ಬಿಡಿಸಲು ಯಾರಿಂದಲೂ ಆಗಲಿಲ್ಲ.

ಬೋಲ್ಟು ಬಿಗಿ ಮಾಡಿಸಲು ಅವನು ಬರಲಿಲ್ಲ. ನಾನು ಹೇಳಿದ್ದೆ, ಅವನು ಬರಲಿಲ್ಲ. ನಾನೇನು ಮಾಡಲಿ?

ಫೆಬ್ರವರಿ 14, ಶುಕ್ರವಾರ

ಲಾರಿಯನ್ನು ಎತ್ತಿ ಪೊಲೀಸ್ ಸ್ಟೇಷನ್ ಹಿಂದಿನ ಬಯಲಿನಲ್ಲಿ ನಿಲ್ಲಿಸಿದ್ದಾರೆ. ಗಾಡಿ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ಬಂದವರು, ಪಟ್ಟಿ ಕೆಲಸ ಮಾಡಿದವನು ನೀನೇ ತಾನೇ ಬಾ ಎಂದು ನನ್ನನ್ನೂ ಕರೆಸಿದರು. ನಾನು ಕೆಳಗೆ ಮಲಗಿ ನೋಡಿದೆ. ಬಲಗಡೆ ಪಟ್ಟಿಗಳ ನಡುವೆ ತೂರಿಸುವ ಸೆಂಟರ್ ಬೋಲ್ಟು ತುಂಡಾಗಿದೆ. ಗಾಲಿಗಳನ್ನು ಹೊತ್ತ ಆಕ್ಸಲ್ ಆ ಕಡೆ ನಾಲ್ಕು ಬೆರಳು ಹಿಂದಕ್ಕೆ ಜರುಗಿದೆ.

"ಇದು ಮೊದಲೇ ಹೀಗಿತ್ತಾ, ಬಿದ್ದ ಮೇಲೆ ಆಗಿದ್ದಾ?" ಎಂದು ಕೇಳಿದರು.

"ಬಿದ್ದ ಏಟಿಗೆ ಆಗಿರೋದು ಸಾರ್. ನನ್ ಕೆಲಸ ಗಟ್ಟಿಯಾಗೇ ಇತ್ತು."

ಬರೆದುಕೊಂಡರು. ಹುಚ್ಚಣ್ಣ ತಾನೇ ಆಸ್ಪತ್ರೆಯಲ್ಲಿ ಹೇಳಿಕೆ ಕೊಟ್ಟಿದ್ದಾನಂತೆ, ನಿದ್ದೆ ಬಂದಿರಬೇಕು ಎಂದು. ಏನೂ ನೆನಪಿಲ್ಲವಂತೆ. ಅವನೇ ಹಾಗೆ ಹೇಳಿದ ಮೇಲೆ ನನ್ನದೇನಿದೆ? ಅವನ ಮೇಲೆ ಕೇಸು ಹಾಕಿದ್ದಾರೆ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಉಪವಾಸ. ಅಂಗಡಿ ತೆಗೆಯಲಿಲ್ಲ. ಬರೆಯುವುದೇನೂ ಇಲ್ಲ.

ಮಾರ್ಚ್ 8, ಶನಿವಾರ

ಹುಚ್ಚಣ್ಣನನ್ನು ದಂಡಿನಶಿವರದ ಮನೆಗೆ ಕರೆತಂದಿದ್ದಾರೆ. ನೋಡಿಕೊಂಡು ಬಂದೆ. ನಡುಮನೆಯಲ್ಲಿ ಮಂಚ ಹಾಕಿ ಮಲಗಿಸಿದ್ದಾರೆ. ಅಷ್ಟು ದೊಡ್ಡ ಆಳು, ಮಂಚದಲ್ಲಿ ಅರ್ಧ ಜಾಗವೂ ತುಂಬಿರಲಿಲ್ಲ.

ಸಿದ್ದಮ್ಮ ಅವನ ಜೊತೆ ಮಾತು ಬಿಟ್ಟಿದ್ದಾಳೆ. ತಟ್ಟೆಗೆ ಮುದ್ದೆ ಹಾಕಿ ಅಡುಗೆಮನೆ ಹೊಸಿಲಲ್ಲಿ ಇಡುತ್ತಾಳೆ, ಮಗಳು ಧನ್ಯಶ್ರೀ ತಂದು ಅಪ್ಪನಿಗೆ ಕೊಡುತ್ತಾಳೆ. ಸಿದ್ದಮ್ಮನೇ ಮೈ ಒರೆಸುತ್ತಾಳೆ, ಬಟ್ಟೆ ಬದಲಾಯಿಸುತ್ತಾಳೆ, ಎಲ್ಲ ಮಾಡುತ್ತಾಳೆ. ಒಂದು ಮಾತಿಲ್ಲ. ಮುಖ ನೋಡುವುದಿಲ್ಲ. ನನ್ನನ್ನು ಮಾತ್ರ "ಬನ್ನಿ ಅಣ್ಣ, ಕೂತ್ಕಳಿ" ಎಂದು ಕರೆದು ಕಾಫಿ ಕೊಟ್ಟಳು.

"ಅವಳದೇನು ತಪ್ಪಿಲ್ಲ ಬುಡು" ಅಂದ ಹುಚ್ಚಣ್ಣ. "ತಮ್ಮನ್ನ ನನ್ ಕೈಗೆ ಕೊಟ್ಟಿದ್ಲು, ನಾನು ಮಲಗ್ಬುಟ್ಟೆ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದೋನು ಹಾಡಹಗಲು ನಾಲ್ಕು ಗಂಟೇಲಿ ಹೆಂಗ್ ಮಲಗಿದ್ನೋ ಕಣ್ಲಾ ವೆಂಕ್ಟಯ್ಯ. ಯೋಚನೆ ಮಾಡ್ತೀನಿ, ಮಾಡ್ತೀನಿ, ಗೊತ್ತಾಗಲ್ಲ."

"ಆಗಿದ್ದಾಯ್ತು, ಹೋಗ್ಲಿ ಬುಡು" ಅಂದೆ. ಬೇರೆ ಏನು ಹೇಳಬೇಕಿತ್ತು? ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಬಸ್ಸು ಒಂದು ಗಂಟೆ ಬರಲೇ ಇಲ್ಲ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಇಟ್ಟಿಗೆ ಲಾರಿಯವನೊಬ್ಬ ಪಟ್ಟಿ ಬದಲಾಯಿಸಿಕೊಂಡು ಹೋಗಿದ್ದ, ಲೋಡು ಇಳಿಸಿ ವಾಪಸು ಬರಲಿಲ್ಲ. ಟಿವಿಎಸ್ ಹತ್ತಿ ಹುಡುಕಿಕೊಂಡು ಹೋದೆ. ತಿಪಟೂರು ರಸ್ತೆಯಲ್ಲಿ ಟೀ ಅಂಗಡಿ ಮುಂದೆ ನಿಂತಿತ್ತು. ಟೀ ಕುಡಿಯುವವನನ್ನು ಎಬ್ಬಿಸಿ, ನಟ್ಟು ತಿರುಗಿಸುವ ಪಾನಾಕ್ಕೆ ಪೈಪು ಸಿಕ್ಕಿಸಿ ಅಲ್ಲೇ ರಸ್ತೆ ಬದಿಯಲ್ಲಿ ಬಿಗಿ ಮಾಡಿದೆ. ಮುಕ್ಕಾಲು ಸುತ್ತು ತಿರುಗಿತು. ನೋಡಿದೆಯೇನಯ್ಯಾ, ಮುಕ್ಕಾಲು ಸುತ್ತು! ಎಂದು ಬೈದೆ. ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ.

ಈ ವಾರ ಹೀಗೆ ಐದು ಗಾಡಿ ಆಯಿತು. ರಾಮಲಕ್ಷ್ಮಮ್ಮ ಊಟಕ್ಕೆ ಬಡಿಸುತ್ತ, "ಊರಿನ ಗಾಡಿಯೆಲ್ಲ ಅಟ್ಟಿಸ್ಕೊಂಡು ಹೋಗ್ತೀರಂತೆ. ಏನಾಗೈತೆ ನಿಮಗೆ?" ಎಂದಳು. ಏನೂ ಆಗಿಲ್ಲ. ಕೆಲಸ ಎಂದ ಮೇಲೆ ಜವಾಬ್ದಾರಿ ಬೇಡವೇ? ಹಾಗಂದಿದ್ದಕ್ಕೆ ಅವಳು ಸಾರಿನ ಸೌಟು ಪಾತ್ರೆಗೆ ಹಾಕಿ ಒಳಗೆ ಹೋದಳು. ಮಧ್ಯಾಹ್ನ ಮಲಗುವ ಅಭ್ಯಾಸ ಬಿಟ್ಟಿದ್ದೇನೆ. ನಿದ್ದೆ ಬರುವುದಿಲ್ಲ.

ಮಾರ್ಚ್ 22, ಶನಿವಾರ

ಧನ್ಯಶ್ರೀ ಅಂಗಡಿಗೆ ಬಂದಿದ್ದಳು. ತಿಪಟೂರಿನಲ್ಲಿ ಬಿಎಸ್ಸಿ ಓದುವ ಹುಡುಗಿ, ಕಾಲೇಜು ಮುಗಿಸಿ ಬಸ್ಸಿಳಿದು ನೇರವಾಗಿ ಬಂದವಳು. ಹೆಗಲ ಮೇಲೆ ಬ್ಯಾಗು ಹಾಗೇ ಇತ್ತು.

"ಮಾವ, ನಮ್ಮಪ್ಪ ಮಲಗಿದ್ರು ಅಂತ ನಂಗೆ ನಂಬಿಕೆ ಬರಲ್ಲ. ಲಾರಿ ಹಿಂದಗಡೆ ಹೆಂಗೆ ಕೆಲಸ ಮಾಡುತ್ತೆ, ನಂಗೆ ಹೇಳ್ಕೊಡಿ" ಅಂದಳು.

ನೆಲದ ಮೇಲೆ ಹಳೆಯ ಪಟ್ಟಿಗಳ ಕಟ್ಟೊಂದು ಬಿದ್ದಿತ್ತು. ಅದನ್ನೇ ತೋರಿಸಿ ಹೇಳಿದೆ. ಎಲ್ಲಕ್ಕಿಂತ ಉದ್ದದ್ದು ಮೇಲಿನ ಪಟ್ಟಿ. ಅದರ ತುದಿಗಳನ್ನು ಸುರುಳಿ ಸುತ್ತಿ, ಪಿನ್ನು ಹಾಕಿ ಗಾಡಿಯ ಚೌಕಟ್ಟಾದ ಚಾಸಿಗೆ ಸೇರಿಸಿರುತ್ತಾರೆ. ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ ಪಟ್ಟಿಗಳು. ಎಲ್ಲಕ್ಕೂ ಕಮಾನಿನ ಬಾಗು. ಭಾರ ಬಿದ್ದರೆ ಬಾಗು ಚಪ್ಪಟೆಯಾಗುತ್ತದೆ, ಭಾರ ಇಳಿದರೆ ಮತ್ತೆ ಏಳುತ್ತದೆ. ಚಪ್ಪಟೆಯಾದಾಗ ಪಟ್ಟಿ ಉದ್ದವಾಗುತ್ತದಲ್ಲ, ಅದಕ್ಕೆ ಜಾಗ ಬೇಕು. ಆದ್ದರಿಂದ ಹಿಂದಿನ ತುದಿಯನ್ನು ತೂಗಾಡುವ ಕೊಂಡಿಗೆ ಕಟ್ಟಿರುತ್ತಾರೆ, ಉಯ್ಯಾಲೆಯ ಹಾಗೆ ಹಿಂದೆ ಮುಂದೆ ಆಡುತ್ತದೆ. ಗುಂಡಿಗೆ ಬಿದ್ದಾಗ ಪಟ್ಟಿಗಳು ಒಂದನ್ನೊಂದು ಉಜ್ಜುತ್ತವೆ, ಆ ಉಜ್ಜುವಿಕೆಯಿಂದಲೇ ಗಾಡಿ ಕುಣಿಯುವುದು ನಿಲ್ಲುತ್ತದೆ. ಈಗಿನ ದೊಡ್ಡ ಬಸ್ಸುಗಳಲ್ಲಿ ಗಾಳಿ ತುಂಬಿದ ರಬ್ಬರು ಚೀಲ ಬಂದಿವೆ, ಮೆತ್ತಗಿರುತ್ತವೆ. ಆದರೆ ಎಳನೀರು ಹೊರುವುದಕ್ಕೆ ಈ ಕಬ್ಬಿಣವೇ ಸರಿ ಎಂದು ಜಂಬವಾಗಿಯೇ ಹೇಳಿದೆ. ಅಷ್ಟು ಹೊತ್ತು ನನಗೆ ಎಲ್ಲ ಮರೆತೇಹೋಗಿತ್ತು.

"ಇದಕ್ಕೂ ಗಾಲಿಗೂ ಏನು ಸಂಬಂಧ?"

ಕಟ್ಟಿನ ನಡುಭಾಗ ಆಕ್ಸಲ್ ಮೇಲೆ ಕೂತಿರುತ್ತದೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ಲಿನ ಗುಳಿಯಲ್ಲಿ ಇಳಿದು ಜಾಗ ತೋರಿಸುತ್ತದೆ, ಅಷ್ಟೇ ಅದರ ಕೆಲಸ. ನಿಜವಾಗಿ ಹಿಡಿಯುವುದು ಒಂದೊಂದು ಕಡೆ ಎರಡೆರಡು, ಕುದುರೆ ಲಾಳದ ಹಾಗೆ ಬಾಗಿದ ಯೂ ಬೋಲ್ಟು.

ಅವಳು ಬಗ್ಗಿ ಆ ಬೋಲ್ಟನ್ನು ಕೈಯಿಂದ ಮುಟ್ಟಿದಳು. "ಅಂದ್ರೆ ಅಷ್ಟು ದೊಡ್ಡ ಆಕ್ಸಲ್‌ನ ಹಿಡ್ಕೊಂಡಿರೋದು ಇವೆರಡೇನಾ ಮಾವ? ಇದು ಸಡಿಲ ಆದ್ರೆ?"

"ಆಗಲ್ಲ ಬಿಡಮ್ಮ" ಅಂದೆ.

ಅವಳು ಥ್ಯಾಂಕ್ಸ್ ಮಾವ ಎಂದು ಹೇಳಿ ಹೋದಳು.

ಮಾರ್ಚ್ 23, ಭಾನುವಾರ

ಬರೆಯಬೇಕು. ಇವತ್ತು ಆಗುವುದಿಲ್ಲ.

ಮಾರ್ಚ್ 24, ಸೋಮವಾರ

ಹುಚ್ಚಣ್ಣ ಬಂದಿದ್ದ.

ಫೆಬ್ರವರಿ ಹತ್ತು, ಸೋಮವಾರ, ಮಧ್ಯಾಹ್ನ ಎರಡೂವರೆ. ಮೊದಲ ಲೋಡು ಇಳಿಸಿ ನೇರವಾಗಿ ಬಂದಿದ್ದ, ನಾನು ಹೇಳಿದ ಹಾಗೇ. ನಾನು ಮುದ್ದೆ ಉಂಡು ಅಂಗಡಿ ಹಿಂದಿನ ಮನೆಯೊಳಗೆ ಚಾಪೆಯ ಮೇಲೆ ಮಲಗಿದ್ದೆ. ಅವನು ಹಾರನ್ ಹೊಡೆದ. ಮತ್ತೆ ಹೊಡೆದ. ಹೊಡೆಯುತ್ತಲೇ ಇದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಭಾನುವಾರವೂ ಇದೇ, ಸೋಮವಾರವೂ ಇದೇ, ಇವನಪ್ಪನ ಮನೆ ಆಳೇ ನಾನು ಅನ್ನಿಸಿತು. ರಾಮಲಕ್ಷ್ಮಮ್ಮ ಬಂದು, "ಬೋಲ್ಟು ಬಿಗಿ ಮಾಡ್ಬೇಕಂತೆ, ಏಳ್ರೀ" ಎಂದು ಅಲುಗಾಡಿಸಿದಳು. ನಾನು ಮಲಗಿದ ಕಡೆಯಿಂದಲೇ ಕೂಗಿದೆ:

"ನಾಳೆ ನಾಡಿದ್ದು ಬಾ ಹೋಗ್ಲಾ! ಏನೂ ಆಗಲ್ಲ!"

ಅವನು ನಕ್ಕಿದ್ದು ಕೇಳಿಸಿತು. "ಆಯ್ತು ಮಲಕ್ಕಳ್ಳಪ್ಪಾ ಕುಂಭಕರ್ಣ, ಬತ್ತೀನಿ" ಎಂದು ಹೋದ. ಹತ್ತು ನಿಮಿಷದ ಕೆಲಸ. ನಾಲ್ಕು ಬೋಲ್ಟು, ಎಂಟು ನಟ್ಟು.

ಮಾರನೆಯ ದಿನ ಅವನು ಎರಡನೆಯ ಲೋಡು ಹಾಕಿಕೊಂಡು ಹೋದ. ಬಲಗಡೆ ಬೋಲ್ಟು ಸಡಿಲವಾಗಿ ಭಾರವೆಲ್ಲ ಸೆಂಟರ್ ಬೋಲ್ಟಿನ ಮೇಲೆ ಬಿದ್ದಿದೆ, ಅದು ತುಂಡಾಗಿದೆ. ತಿರುವಿನಲ್ಲಿ ಬ್ರೇಕು ಹಿಡಿದಾಗ ಆ ಕಡೆಯ ಗಾಲಿ ಹಿಂದಕ್ಕೆ ಎಳೆದುಕೊಂಡಿದೆ. ಬಲಗಡೆ ಹಿಂದಕ್ಕೆ ಹೋದರೆ ಆಕ್ಸಲ್ ಓರೆಯಾಗಿ ಹಿಂಭಾಗವನ್ನು ಬಲಕ್ಕೆ ತಳ್ಳುತ್ತದೆ, ಲಾರಿಯ ಮೂತಿ ಎಡಕ್ಕೆ ತಿರುಗಲೇಬೇಕು. ಇದು ನನಗೆ ಫೆಬ್ರವರಿ ಹದಿನಾಲ್ಕನೇ ತಾರೀಕು ಗಾಡಿಯ ಕೆಳಗೆ ಮಲಗಿದ್ದಾಗಲೇ ಗೊತ್ತಾಗಿತ್ತು.

ಇಷ್ಟು ಬರೆಯುವುದಕ್ಕೆ ಎರಡು ದಿನ ಹಿಡಿಯಿತು.

ಮಾರ್ಚ್ 30, ಭಾನುವಾರ

ಯುಗಾದಿ. ರಾಮಲಕ್ಷ್ಮಮ್ಮ ಒಬ್ಬಟ್ಟು ಮಾಡಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಸಿದ್ದಮ್ಮನ ಮನೇಲಿ ಮಾಡಿಲ್ವಂತೆ" ಅಂದಳು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಸೋಮವಾರ ಬಾಗಿಲಲ್ಲಿ ನಿಂತಿದ್ದವಳು ಅವಳೇ. ಎಲ್ಲ ಕೇಳಿಸಿಕೊಂಡವಳು.

ಹುಚ್ಚಣ್ಣ ಊಟ ಬಿಟ್ಟಿದ್ದಾನಂತೆ. ದಿನಕ್ಕೆ ಅರ್ಧ ಲೋಟ ಮಜ್ಜಿಗೆ ಕುಡಿದರೆ ಹೆಚ್ಚು.

ಏಪ್ರಿಲ್ 6, ಭಾನುವಾರ

ಹೇಳಿದೆ. ದೇವರೇ, ಹೇಳಿಬಿಟ್ಟೆ.

ಹುಚ್ಚಣ್ಣನ ಮಂಚದ ಪಕ್ಕ ಕೂತು, ಸಿದ್ದಮ್ಮನನ್ನೂ ಕರೆದು, ಒಂದೇ ಉಸಿರಿಗೆ ಹೇಳಿದೆ. ನೀನು ಮಲಗಿರಲಿಲ್ಲ ಕಣ್ಲಾ, ಮಲಗಿದ್ದೋನು ನಾನು. ನೀನು ಬಂದಾಗ ನಾನು ಎದ್ದು ಬರಲಿಲ್ಲ. ಬೋಲ್ಟು ಸಡಿಲ ಇತ್ತು. ಗಂಗನ್ನ ಕೊಂದಿದ್ದು ನಾನು.

ಹುಚ್ಚಣ್ಣ ನನ್ನ ಕೈ ಹಿಡಿದುಕೊಂಡ.

"ನಾನು ಊಟ ಬಿಟ್ಟಿದ್ದೀನಿ ಅಂತ ಯಾರೋ ಹೇಳವ್ರೆ ನಿಂಗೆ. ನನ್ ಸಮಾಧಾನಕ್ಕೆ ಇಷ್ಟೆಲ್ಲ ಕಟ್ಕೊಂಡು ಬಂದಿದ್ದೀಯ."

"ಇಲ್ಲ ಕಣ್ಲಾ, ಆಣೆ ಮಾಡ್ತೀನಿ—"

"ಆಣೆ ಗೀಣೆ ಬ್ಯಾಡ. ಅವತ್ತು ನೀನು ಏನೂ ಆಗಲ್ಲ ಅಂದೆ. ನೀನು ಏನೂ ಆಗಲ್ಲ ಅಂದ್ರೆ ಏನೂ ಆಗಲ್ಲ, ಅದು ನಂಗೊತ್ತು. ಮೂವತ್ತು ವರ್ಷದಲ್ಲಿ ನಿನ್ ಕೈ ಕೆಲಸ ಒಂದು ಸಲ ಕೆಟ್ಟಿಲ್ಲ. ಇನ್‌ಸ್ಪೆಕ್ಟ್ರೇ ನೋಡಿ ಗಟ್ಟಿಯಾಗಿತ್ತು ಅಂದವ್ರಲ್ಲ?"

ನಾನು ಹೇಳಿದ್ದನ್ನೇ ಇನ್‌ಸ್ಪೆಕ್ಟರು ಬರೆದುಕೊಂಡದ್ದು ಎಂದೆ. ಅವನು ತಲೆ ಆಡಿಸಿ ನಕ್ಕ. ಎರಡು ತಿಂಗಳಿಂದ ಅವನು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಸಿದ್ದಮ್ಮ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ ಸಂಸಾರ ಸರಿಯಾಗ್ಲಿ ಅಂತ ಇಂಥ ಪಾಪ ತಲೆ ಮೇಲೆ ಹಾಕ್ಕೊಳಕ್ಕೆ ಬಂದ್ರಲ್ಲಣ್ಣ. ಒಡಹುಟ್ಟಿದೋರೂ ಹಿಂಗ್ ಮಾಡಲ್ಲ" ಅಂದಳು. ಗಂಡನ ಕಡೆ ತಿರುಗಿಯೂ ನೋಡದೆ ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟಳು. ಹೊರಡುವಾಗ ಮಡಿಲಷ್ಟು ನುಗ್ಗೆಕಾಯಿಯನ್ನೂ ಕಟ್ಟಿಕೊಟ್ಟಳು.

ಮನೆಗೆ ಬಂದು ನುಗ್ಗೆಕಾಯಿ ಜಗಲಿಯ ಮೇಲೆ ಹಾಕಿ ಕೂತೆ. ರಾಮಲಕ್ಷ್ಮಮ್ಮ ಏನಾಯಿತೆಂದು ಕೇಳಿದಳು. ನಂಬಲಿಲ್ಲ ಕಣೇ, ಒಳ್ಳೆಯವನು ಅಂದರು, ಎಂದೆ. ಅಳು ಬಂತು. ಅವಳೆದುರು ನಾನು ಅತ್ತಿದ್ದು ಅಪ್ಪ ಸತ್ತಾಗ ಬಿಟ್ಟರೆ ಇದೇ.

ಅವಳು ಸಮಾಧಾನ ಮಾಡಲಿಲ್ಲ. "ನಂಬೋ ಹಂಗೆ ಹೇಳ್ರಿ ಹಂಗಾರೆ" ಅಂದಳು.

ಏಪ್ರಿಲ್ 7, ಸೋಮವಾರ

ಬೆಳಿಗ್ಗೆ ಧನ್ಯಶ್ರೀಗೆ ಫೋನ್ ಮಾಡಿ ತುರುವೇಕೆರೆಗೆ ಕರೆಸಿಕೊಂಡೆ. ಮೊದಲು ಸ್ಟೇಷನ್ನಿಗೆ ಹೋಗಿ, ಅವತ್ತು ಹೇಳಿದ್ದು ಸುಳ್ಳು ಎಂದು ಹೊಸ ಹೇಳಿಕೆ ಬರೆದು ಸಹಿ ಹಾಕಿದೆ. ಸಾಹೇಬರು ಚೆನ್ನಾಗಿ ಬೈದರು. ಬೈಯಲಿ. ಆಮೇಲೆ ಒಬ್ಬ ಪೊಲೀಸಿನವನನ್ನು ಜೊತೆಗೆ ಕಳಿಸಿ ಹಿಂದಿನ ಬಯಲಿನಲ್ಲಿದ್ದ ಲಾರಿ ನೋಡಲು ಬಿಟ್ಟರು.

ಅವಳನ್ನು ಗಾಡಿಯ ಕೆಳಗೆ ಕರೆದುಕೊಂಡು ಹೋದೆ. ಬಲಗಡೆ, ಪಟ್ಟಿಯ ಕಟ್ಟು ಆಕ್ಸಲ್ ಮೇಲೆ ಕೂರುವ ಜಾಗಕ್ಕೆ ಟಾರ್ಚು ಬಿಟ್ಟು ತೋರಿಸಿದೆ. "ಬಿದ್ದ ಏಟಿಗೆ ಜರುಗಿದ್ರೆ ಒಂದೇ ಗೀರು ಬೀಳ್ತಿತ್ತಮ್ಮ. ಇಲ್ಲಿ ನೋಡು, ತಿಕ್ಕಿ ತಿಕ್ಕಿ ನುಣ್ಣಗಾಗಿ ಹೊಳೀತಾ ಐತೆ. ಬೀಳೋಕೆ ಮುಂಚೆ ಎಷ್ಟೋ ಮೈಲಿ ಇದು ಹಿಂದೆ ಮುಂದೆ ಆಡೈತೆ." ಎಡಗಡೆಯೂ ತೋರಿಸಿದೆ. ಅಲ್ಲಿ ಹಾಗಿಲ್ಲ, ಜಿಡ್ಡು ಹಿಡಿದು ಕಪ್ಪಗಿದೆ. ಅವಳು ಎರಡನ್ನೂ ಫೋನಿನಲ್ಲಿ ಫೋಟೋ ಹಿಡಿದಳು. ದಂಡಿನಶಿವರದವರೆಗೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಮುಂದೆ ಹೋಗಿ ಕೂತಳು.

ಹುಚ್ಚಣ್ಣ ಫೋಟೋ ನೋಡಿದ. ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಅವನಿಗೆ ನಾನು ಏನನ್ನೂ ವಿವರಿಸಬೇಕಾಗಲಿಲ್ಲ, ಅವನೂ ನನ್ನಷ್ಟೇ ವರ್ಷ ಈ ಕಬ್ಬಿಣದ ಜೊತೆ ಬದುಕಿದವನು. ನಿಧಾನವಾಗಿ ಹೇಳಿದ:

"ಬೆಳಿಗ್ಗೆಯಿಂದ ಎಡಕ್ಕೆ ಎಳೀತಿತ್ತು. ಸ್ಟೇರಿಂಗ್ ಬಲಕ್ಕೆ ಹಿಡ್ಕೊಂಡೇ ಬಂದೆ. ಟೈರಲ್ಲಿ ಗಾಳಿ ಕಮ್ಮಿ ಐತೆ ಕಣ್ ಭಾವ ಅಂದ ಗಂಗ. ದಬ್ಬೇಘಟ್ಟದಲ್ಲಿ ಗಾಳಿ ನೋಡ್ಸೋಣ ಅಂದ್ಕೊಂಡ್ವಿ."

ಆಮೇಲೆ ಹೆಂಡತಿಯ ಕಡೆ ತಿರುಗಿದ. "ಸಿದ್ದೀ, ನಂಗೆ ಜ್ಞಾಪಕ ಬತ್ತಾ ಐತೆ ಕಣೇ. ಏರಿ ಮೇಲೆ ಅವ್ನು ಮಾತಾಡ್ತಿದ್ದ, ನಾನೂ ಮಾತಾಡ್ತಿದ್ದೆ. ನಾನು ಮಲಗಿರ್ಲಿಲ್ಲ ಕಣೇ. ನಾನು ಮಲಗಿರ್ಲಿಲ್ಲ!"

ಮಗುವಿನ ಹಾಗೆ ಅದೊಂದನ್ನೇ ಹೇಳುತ್ತ ಅತ್ತ. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಿದ್ದಮ್ಮ ನನ್ನೆದುರು ಬಂದು ನಿಂತಳು. ಜೋರಾಗಿ ಮಾತಾಡಲಿಲ್ಲ.

"ಗಂಗನ ಹನ್ನೊಂದನೇ ದಿನ ನೀವು ಬಂದಿದ್ರಿ. ಪಂಕ್ತೀಲಿ ಕೂತು ಉಂಡ್ರಿ. ನಾನೇ ಬಡಿಸ್ದೆ. ಪಾಯಸ ಇನ್ನೊಂದು ಸೌಟು ಹಾಕ್ಲಾ ಅಣ್ಣ ಅಂದೆ, ಹಾಕು ಅಂದ್ರಿ."

ಹೌದು. ಅಂದಿದ್ದೆ. ಈ ಪುಸ್ತಕದಲ್ಲಿ ಆ ದಿನವನ್ನು ನಾನು ಬರೆಯಲೇ ಇಲ್ಲ.

"ಎದ್ದು ಹೋಗಿ" ಅಂದಳು.

ಎದ್ದೆ. ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ, ಒಂದು ಕಾಲಿಗೆ ಹಾಕಿಕೊಂಡಿದ್ದೆ, ಇನ್ನೊಂದು ಸಿಗುತ್ತಿರಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ತೆಗೆದ ಸದ್ದಾಯಿತು. ಮಂಚ ಕಿರುಗುಟ್ಟಿತು. ಸಿದ್ದಮ್ಮ ಹೇಳುತ್ತಿದ್ದಳು:

"ಸ್ವಲ್ಪ ಎದ್ದು ಒರಗ್ಕೊಳಿ. ಬಿಸಿ ಮುದ್ದೆ ಐತೆ, ನಾನೇ ತಿನ್ನಿಸ್ತೀನಿ."

ಎರಡು ತಿಂಗಳಲ್ಲಿ ಅವಳು ಗಂಡನ ಜೊತೆ ಆಡಿದ ಮೊದಲ ಮಾತು ಅದು. ನಾನು ಬೀದಿಗೆ ಬರುವವರೆಗೂ ಕೇಳಿಸಿಕೊಂಡೆ. ನನ್ನನ್ನು ಯಾರೂ ಕರೆಯಲಿಲ್ಲ.